ಕೆಂಚನ ಸೋಮವಾರದ ಮೇವು

ಕೊಪ್ಪಳ
ಬುಧವಾರ, ತಾ. 15-12-1943

ಪ್ರೀತಿಯ ತಮ್ಮ ಮಾರೆಪ್ಪನಿಗೆ,

ಅಣ್ಣ ಓಬಳೆಪ್ಪ ನಿನ್ನ ತಲೆಯ ಮೇಲೆ ಕೈಯಿಟ್ಟು ಬರೆಯುವುದೇನೆಂದರೆ, ಮೊದಲು ನಿನ್ನ ಮೈ ಹೇಗಿದೆ ಎಂಬುದನ್ನು ತಿಳಿಸು. ಚಳಿಜ್ವರ ತಿರುಗಿ ಬಂದಿಲ್ಲ ತಾನೆ? ಎಡಗಾಲಿನ ಹಿಮ್ಮಡ ಒಡೆದು ಬೂಟು ಹಾಕಿಕೊಳ್ಳಲು ಆಗುತ್ತಿಲ್ಲ ಎಂದು ಬರೆದಿದ್ದೆ. ಅದು ಮಾಯಿತೋ ಇಲ್ಲವೋ ತಿಳಿಯದೆ ನನಗೆ ಜೀವ ನಿಲ್ಲುತ್ತಿಲ್ಲ. ಒಡಕಿಗೆ ಮೇಣ ಕಾಸಿ ಹಚ್ಚು. ಒದ್ದೆ ಕಾಲಿನಲ್ಲಿ ಬೂಟು ಹಾಕಬೇಡ. ಪಲ್ಟಣದ ಹೇಸರಗತ್ತೆಗಳ ಹಿಂದೆ ನಿಲ್ಲಬೇಡ. ಕುದುರೆಯಾದರೆ ಕಿವಿ ಹಿಂದಕ್ಕೆ ಮಲಗಿಸಿ, ಒಂದು ಮಾತು ಹೇಳಿ ಒದೆಯುತ್ತದೆ. ಅವು ಹೇಳದೆ ಒದೆಯುತ್ತವಂತೆ. ಇದನ್ನೆಲ್ಲ ನೀನೇ ಬಲ್ಲೆ, ಆದರೂ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ನೀನಿರುವ ಊರಿನ ಹೆಸರು ಬರೆಯುವಂತಿಲ್ಲ ಎಂದಿದ್ದೀ. ಹೆಸರು ಬೇಡ. ಅಲ್ಲಿ ಚಳಿಯೋ ಸೆಕೆಯೋ ಅಷ್ಟನ್ನಾದರೂ ಬರೆ, ಕಂಬಳಿ ಕಳಿಸಬೇಕೋ ಬೇಡವೋ ಎಂದು ನಾನು ಮತ್ತು ನಿನ್ನ ಅತ್ತಿಗೆ ಫಕೀರಮ್ಮ ದಿನಾಲೂ ವಾದ ಮಾಡುತ್ತಿದ್ದೇವೆ. ನನ್ನ ಅಕ್ಷರ ಡೊಂಕಾಗಿದ್ದರೆ ಸಂಭಾಳಿಸಿಕೋ. ಅಪ್ಪ ತೀರಿಕೊಂಡಾಗ ಐಗಳ ಸಾಲೆ ಬಿಟ್ಟವನಿಗೆ ಒತ್ತಕ್ಷರ ಇವತ್ತಿಗೂ ಕೈಗೆ ಹತ್ತಿಲ್ಲ.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಕೆಂಚ ಬದುಕಿದ್ದಾನೆ, ಆರಾಮ ಇದ್ದಾನೆ, ನಿನ್ನೆ ಟಾಂಗಾ ಎಳೆದುಕೊಂಡು ಹುಲಿಗಿಗೆ ಹೋಗಿ ಬಂದಿದ್ದಾನೆ. ಇದನ್ನು ಎಲ್ಲಕ್ಕೂ ಮೊದಲು ಬರೆಯಲು ಕಾರಣವಿದೆ. ಕಾಗದ ಅರ್ಧ ಓದುವಾಗ ನಿನ್ನನ್ನು ಯಾರಾದರೂ ಕೆಲಸಕ್ಕೆ ಕೂಗಿದರೆ, ಕೆಟ್ಟ ಅರ್ಧವನ್ನಷ್ಟೇ ಓದಿ ನೀನು ದಿನವಿಡೀ ಒದ್ದಾಡಬಾರದು. ನಾನಾಗಿದ್ದರೆ ಒದ್ದಾಡುತ್ತಿದ್ದೆ. ಈಗ ನಾನು ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ, ಹಿತ್ತಲ ಚಪ್ಪರದಲ್ಲಿ ಅವನು ಜೋಳದ ಕಣಿಕೆ ಅಗಿಯುವ ಕರಕರ ಸದ್ದು ಕೇಳುತ್ತಿದೆ. ಅವ್ವ ನನ್ನ ಎದುರಿಗೇ ಕುಳಿತು ಕರಿಕೆ ಹುಲ್ಲಿನ ಬೇರಿಗೆ ಹತ್ತಿದ ಮಣ್ಣು ಕೊಡವುತ್ತಿದ್ದಾಳೆ. ಬರೆದದ್ದನ್ನೆಲ್ಲ ಓದಿ ತೋರಿಸಬೇಕಂತೆ. "ಕುದರಿಗೆ ಆರಾಮ ಇದ್ದಿಲ್ಲ ಅಂತ ಬರಿ, ಯಾರಿಂದ ಅಂತ ಬರೀಬ್ಯಾಡ" ಎಂದು ಆಗಲೇ ಹೇಳಿದ್ದಾಳೆ. ಯಾರಿಂದ ಎಂದು ಬರೆಯದಿದ್ದರೆ ನಿನಗೆ ತಿಳಿಯುವುದಿಲ್ಲ. ಅದಕ್ಕೆ ಎಲ್ಲರ ಹೆಸರನ್ನೂ ಬರೆಯುತ್ತೇನೆ, ನನ್ನದನ್ನೂ ಸೇರಿಸಿ. ಆಗ ಅವಳೊಬ್ಬಳಿಗೇ ಬೇಸರವಾಗುವುದಿಲ್ಲ.

ನೀನು ಪಲ್ಟಣಕ್ಕೆ ಹೋಗುವಾಗ ಟಾಂಗಾದ ಲಗಾಮನ್ನು ಸೋದರಮಾವನ ಮಗ ಹನುಮಣ್ಣನ ಕೈಗೆ ಕೊಟ್ಟೆ, ಕೆಂಚನ ಹೊಟ್ಟೆಯನ್ನು ನನ್ನ ಕೈಗೆ ಕೊಟ್ಟೆ. "ಅಣ್ಣಾ, ನಾ ಬರೂತನಕ ಇದು ಬಡಕಾಗಬಾರ್ದು ನೋಡು" ಎಂದು ಟೇಶನ್ನಿನಲ್ಲಿ ಹೇಳಿದ್ದು ನನಗೆ ನೆನಪಿದೆ, ಅವ್ವನಿಗೆ ನೆನಪಿದೆ, ಪಕ್ಕದ ಮನೆಯ ದಾವಲಬೀಗೂ ನೆನಪಿದೆ, ಅವಳೂ ಅಂದು ನಿನ್ನನ್ನು ಕಳಿಸಲು ಬಂದಿದ್ದಳಲ್ಲ. ಬಡಕಾಗಬಾರದು ಎಂದೆ. ದಿನಕ್ಕೆ ಎಷ್ಟು ಹುರಳಿ, ಯಾವ ಹೊತ್ತಿಗೆ ನೀರು, ಕೆಲಸವಿಲ್ಲದ ದಿನ ಏನು, ಇದನ್ನೆಲ್ಲ ಹೇಳಲಿಲ್ಲ. ರೈಲು ಹೊರಟಿತ್ತು, ಹೇಳಲು ಹೊತ್ತೂ ಇರಲಿಲ್ಲ, ಬಿಡು. ನೀನು ಇದ್ದಾಗ ಕೆಂಚನ ಹತ್ತಿರ ನಾವು ಯಾರೂ ಹೋಗುತ್ತಿರಲಿಲ್ಲ. ನನಗಂತೂ ಅವನ ಹಲ್ಲು ಕಂಡರೆ ಭಯ. ನೀನು ದಿನಾಲೂ ಏನು ಹಾಕುತ್ತಿದ್ದೆ ಎಂದು ನೆನೆಸಿಕೊಂಡರೆ, ನಿನ್ನ ಬೆನ್ನೊಂದೇ ಕಣ್ಣಿಗೆ ಬರುತ್ತದೆ, ಬಾಯಿಚೀಲದಲ್ಲಿ ಏನಿತ್ತು ಎಂಬುದು ಬರುವುದಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಂಗಳವಾರ, ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗುವವರು ಟಾಂಗಾ ತುಂಬ ಕುಳಿತಿದ್ದರು. ಕೆಂಚ ಜಿಗಿಯುತ್ತ ಹೊರಟ. ಊರು ದಾಟಿ ಸ್ವಲ್ಪ ದೂರ ಹೋಗುವುದರಲ್ಲಿ ಹಿಂಗಾಲು ಮರದ ತುಂಡಿನ ಹಾಗೆ ಬಿಗಿದುಕೊಂಡಿತು, ಮೈಯೆಲ್ಲ ಬೆವರು. ಹನುಮಣ್ಣ ಜನರನ್ನು ಇಳಿಸಿ ಮೆಲ್ಲಗೆ ನಡೆಸಿಕೊಂಡು ಬಂದ. ಸಂಜೆಯ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಕೆಂಚ ಬಾಲ ಬೀಸುತ್ತ ನಿಂತಿದ್ದ. ಅವ್ವ ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಮುಂದೆ ಒಂದು ವಾರ ಬಿಟ್ಟು ಮತ್ತೊಂದು ಮಂಗಳವಾರ ಹಾಗೆಯೇ ಆಯಿತು. ಆಗ ನನ್ನ ಅನುಮಾನ ಹನುಮಣ್ಣನ ಮೇಲೆ ಹೋಯಿತು. ಹೊಡೆದು ಓಡಿಸುತ್ತಿದ್ದಾನೆ, ಅದಕ್ಕೇ ಹೀಗೆ ಎಂದು ಅಂಗಳದಲ್ಲಿ ನಾಲ್ಕು ಜನರ ಎದುರಿಗೆ ಕೇಳಿಯೇಬಿಟ್ಟೆ. ಅವನು ಟಾಂಗಾದಿಂದ ಬಾರುಕೋಲು ಎಳೆದು ನನ್ನ ಮುಖದ ಮುಂದೆ ಹಿಡಿದ. "ನೋಡ್ರಿ ಓಬಳೆಪ್ಪ ಮಾವ, ಇದರ ತುದಿಗೆ ಜೇಡ ಬಲಿ ಕಟ್ಟೈತಿ. ಹೊಡದಿದ್ರ ಜೇಡ ಇರ್ತಿತ್ತೇನು? ನಿಮ್ಮ ಕುದರಿ ನಿಮಗ, ನಾ ಹೊಲಕ್ಕ ಹೊಂಟೆ" ಎಂದ. ಅವನನ್ನು ಸಮಾಧಾನ ಮಾಡಿ ತಿರುಗಿ ಲಗಾಮು ಹಿಡಿಸಬೇಕಾದರೆ ಫಕೀರಮ್ಮ ಶೇಂಗಾ ಹೋಳಿಗೆ ಮಾಡಬೇಕಾಯಿತು.

ಹೊಡೆತವಲ್ಲ ಎಂದ ಮೇಲೆ, ಶಕ್ತಿ ಸಾಲದೆ ಕಾಲು ಹಿಡಿಯುತ್ತದೆ ಎಂದು ನಾನು ತೀರ್ಮಾನ ಮಾಡಿದೆ. ಯಾರನ್ನೂ ಕೇಳಲಿಲ್ಲ. ಮಂಗಳವಾರ ದೂರದ ದಾರಿ, ಅದಕ್ಕೆ ಸೋಮವಾರವೇ ಬಲ ಕೂಡಿಸಬೇಕೆಂದು ಸೋಮವಾರದ ಹುರಳಿಗೆ ಇನ್ನೂ ಅರ್ಧ ಸೇರು ಸೇರಿಸಿದೆ. ಸೋಮವಾರ ನಮ್ಮಲ್ಲಿ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಬಸವಣ್ಣನ ವಾರ. ಅವ್ವ ಆ ನೇಮವನ್ನು ಕುದುರೆಗೂ ಹಚ್ಚಿದ್ದಾಳೆ, ನೀನೂ ಪಾಲಿಸುತ್ತಿದ್ದೆ. ಹೀಗಾಗಿ ಸೋಮವಾರ ಕೆಂಚ ಬೆಳಗಿನಿಂದ ಸಂಜೆಯವರೆಗೆ ಗೂಟದಲ್ಲಿ ನಿಂತೇ ಇರುತ್ತಿದ್ದ.

ಇನ್ನು ಕೆಟ್ಟದ್ದನ್ನು ಬರೆಯುತ್ತೇನೆ, ಗಾಬರಿಯಾಗಬೇಡ, ಮೇಲೆ ಬರೆದದ್ದನ್ನು ನೆನಪಿಟ್ಟುಕೋ. ಕಳೆದ ತಿಂಗಳ ಕೊನೆಯ ಕಡೆಗೆ ಒಂದು ಮಂಗಳವಾರ ನಾನು ಜಿನ್ನಿನ ಕಾರ್ಖಾನೆಯಲ್ಲಿ ಹತ್ತಿ ತುಂಬುತ್ತಿದ್ದೆ. ಗಿಣಿಗೇರಾದಿಂದ ಬಂದ ಬಂಡಿಯವನೊಬ್ಬ ಬಾಗಿಲಲ್ಲಿ ನಿಂತು, "ನಿಮ್ಮ ಕುದರಿ ದಾರ್ಯಾಗ ಕುಂತೈತಿ, ಏಳವಲ್ದು" ಎಂದ.  ಓಡಿಹೋಗಿ ಕುದುರೆಗಳ ಗೊರಸಿಗೆ ನಾಲು ಹೊಡೆಯುವ ನೂರಸಾಬನನ್ನು ಎಬ್ಬಿಸಿಕೊಂಡು ಅದೇ ಬಂಡಿಯಲ್ಲಿ ಹೋದೆ. ದಾರಿಯುದ್ದಕ್ಕೂ ನಿನಗೆ ಏನೆಂದು ಬರೆಯಲಿ ಎಂಬುದೇ ಯೋಚನೆ. ನೀನು ತಿರುಗಿ ಬಂದಾಗ ಹಿಡಿದು ಬದುಕಬೇಕಾದ ಕುದುರೆ, ನನ್ನ ಕೈಯಲ್ಲಿ ಕೊಟ್ಟ ಕುದುರೆ.

ಗಿಣಿಗೇರಾದ ಈಚೆಗೆ ಒಂದು ಬೇವಿನ ಮರದ ಕೆಳಗೆ ಕೆಂಚ ಇದ್ದ. ಹನುಮಣ್ಣ ಟಾಂಗಾ ಬಿಚ್ಚಿ ತನ್ನ ಧೋತರವನ್ನೇ ಅವನ ಬೆನ್ನ ಮೇಲೆ ಹೊದಿಸಿ, ಚಡ್ಡಿಯಲ್ಲಿ ನಿಂತಿದ್ದ. ಅವನ ಮೇಲೆ ಅನುಮಾನಪಟ್ಟದ್ದಕ್ಕೆ ಆಗ ನನಗೆ ನಾಚಿಕೆಯಾಯಿತು. ಕೆಂಚ ಹೇಗೋ ಎದ್ದು ನಿಂತಿದ್ದ, ಹೆಜ್ಜೆ ಕೀಳುತ್ತಿರಲಿಲ್ಲ. ಪೃಷ್ಠವನ್ನು ಮುಟ್ಟಿದರೆ ಕಲ್ಲು. ಉಚ್ಚೆ ಹೊಯ್ದದ್ದು ಕಪ್ಪು ಚಹಾದ ಹಾಗೆ ಇತ್ತು. ನೂರಸಾಬ ಅದನ್ನು ನೋಡಿ ಗಡ್ಡ ಕೆರೆದುಕೊಂಡ. "ಎಳೀಬ್ಯಾಡ್ರಿ, ನಡಸಬ್ಯಾಡ್ರಿ, ನಿಂತಲ್ಲೇ ನಿಲ್ಲಲಿ. ನೀರು ಕುಡೀಲಿ. ಒಂದು ಕಾಳೂ ಹಾಕಬ್ಯಾಡ್ರಿ" ಎಂದ. ಬದುಕುತ್ತದೆಯೇ ಎಂದು ಕೇಳಿದೆ. "ನಾ ಕಾಲಿಗೆ ನಾಲು ಹೊಡಿಯಾಂವ ಓಬಳೆಪ್ಪ, ಆಯುಷ್ಯಕ್ಕ ಹೊಡಿಯಾಂವ ಅಲ್ಲ" ಎಂದ. ಆ ಮಾತಿನಿಂದ ನನ್ನ ಉಳಿದ ಧೈರ್ಯವೂ ಹೋಯಿತು.

ಸುದ್ದಿ ತಿಳಿದು ಅವ್ವ, ಫಕೀರಮ್ಮ, ದಾವಲಬೀ ಮೂವರೂ ಒಂದು ಬಂಡಿ ಮಾಡಿಕೊಂಡು ಬಂದರು. ಅವ್ವ ಇಳಿದವಳೇ ಯಾರನ್ನೂ ನೋಡದೆ ಕೆಂಚನ ಮೂತಿಯ ಹತ್ತಿರ ಹೋಗಿ ಸೆರಗಿನ ಗಂಟು ಬಿಚ್ಚಿದಳು. ಮುಷ್ಟಿಯಷ್ಟು ದೊಡ್ಡ ಬೆಲ್ಲದ ಹೆಂಟೆ. ಕೆಂಚ ಅಂಥ ನೋವಿನಲ್ಲೂ ತುಟಿ ಚಾಚಿದ. ಆ ತುಟಿ ಚಾಚಿದ್ದನ್ನು ನೂರಸಾಬ ನೋಡಿದ. ಅವ್ವನ ಕೈ ಹಿಡಿದು ನಿಲ್ಲಿಸಿ, "ಹುಲಿಗವ್ವಕ್ಕ, ಇದು ದಿನಾ ನಡೀತೈತೇನು?" ಎಂದು ಕೇಳಿದ. ದಿನಾ ಇಲ್ಲ, ಸೋಮವಾರ ಮಾತ್ರ, ಬಿಡುವಿನ ದಿನವಲ್ಲ, ಎಂದಳು ಅವ್ವ. ಬೆಲ್ಲವೊಂದೇ ಏನು ಎಂದು ಕೇಳಿದ. ಬೆಲ್ಲ, ಜೊತೆಗೆ ರೊಟ್ಟಿ. ಇದನ್ನು ಕೇಳಿ ಫಕೀರಮ್ಮ ಮೆಲ್ಲಗೆ, ತಾನೂ ಸೋಮವಾರ ಹುರಳಿಕಟ್ಟಿನ ಸಾರು ಮಾಡಿ, ಕಟ್ಟು ಬಸಿದ ಮೇಲೆ ಉಳಿದ ಹುರಳಿಯನ್ನು ಬುಟ್ಟಿ ತುಂಬ ಕೆಂಚನಿಗೆ ಹಾಕುತ್ತಿದ್ದೆ ಎಂದಳು.  ನೂರಸಾಬ ದಾವಲಬೀಯ ಕಡೆಗೆ ತಿರುಗಿ ನೋಡಿದ ಮೇಲೆ, "ಒಂದ ಬೊಗಸಿ ಕಡ್ಲಿ, ಅಷ್ಟೇ. ನನ್ನ ಮಗಳ ಹೆರಿಗಿಗೆ ಮಾರೆಪ್ಪ ಅಷ್ಟು ಮಳ್ಯಾಗ ಟಾಂಗಾ ಹೊಡದಾನ, ನಾ ಅವನ ಕುದರಿಗೆ ಒಂದ ಬೊಗಸಿ ಹಾಕಬಾರ್ದೇನು?" ಎಂದಳು. ಇಷ್ಟರ ಮೇಲೆ ನಾನು ಮುಂಜಾನೆ ಒಂದು ಸೇರು, ಸಂಜೆ ಒಂದೂವರೆ ಸೇರು ಹುರಳಿ ಹಾಕುತ್ತಿದ್ದದ್ದು ಇದ್ದೇ ಇತ್ತು. ಒಬ್ಬರು ಹಾಕಿದ್ದು ಒಬ್ಬರಿಗೆ ಗೊತ್ತಿಲ್ಲ. ಎಲ್ಲರೂ ತಾವೊಬ್ಬರೇ ನಿನ್ನ ಕುದುರೆಯನ್ನು ಜೋಪಾನ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು.

ನೂರಸಾಬ ನಕ್ಕೇಬಿಟ್ಟ. "ಇದೇನ ಕುದರಿನೋ ಹೊಸ ಅಳಿಯಾನೋ? ಮನಿ ಮನಿಗೆ ಕರದು ಉಣಸ್ಯಾರ. ಅಳಿಯಾ ಆದ್ರ ಮರುದಿನ ಮಲಗತಿದ್ದ, ಇದು ಟಾಂಗಾ ಎಳೀಬೇಕಲ್ಲವ್ವಾ" ಎಂದ. ಹನುಮಣ್ಣ ನನ್ನ ಕಡೆ ನೋಡಿ, "ಬಾರುಕೋಲಿಂದ ಅಲ್ಲ ಮಾವ, ಸೌಟಿನಿಂದ ಬಡದೀರಿ ನೀವೆಲ್ಲ ಕೂಡಿ" ಎಂದ. ಅವನು ಅಷ್ಟು ಅನ್ನಲು ಹಕ್ಕುಳ್ಳವನು.

ಹೊತ್ತು ಇಳಿದು ಕೆಂಚ ತಾನಾಗಿ ಹೆಜ್ಜೆ ಕಿತ್ತ ಮೇಲೆ ಅವನನ್ನು ಅಲ್ಲೇ ಹತ್ತಿರದ ಹೊಲದವರ ಕೊಟ್ಟಿಗೆಗೆ ಮೆಲ್ಲಗೆ ಸೇರಿಸಿದೆವು. ನೂರಸಾಬ ಹೊರಡುವಾಗ, ನಾಲ್ಕು ದಿನ ಉಪವಾಸ ಕೆಡವಿರಿ, ಆಮೇಲೂ ಕಾಳಿನ ಮುಖ ತೋರಿಸಬೇಡಿರಿ ಎಂದ. ಆಗ ಅವ್ವನಿಗೆ ಬಂದ ಸಿಟ್ಟನ್ನು ನೀನು ನೋಡಬೇಕಿತ್ತು. "ಉಪವಾಸ ಅನ್ನೂ ಮಾತು ನನ್ನ ಮುಂದ ಆಡಬ್ಯಾಡ ನೂರಸಾಬ. ನನ್ನ ಮಗ ಯಾವ ದೇಶದಾಗ ಅದಾನೋ, ಅವನ ಮುಂದ ಯಾರು ಗಂಗಾಳ ಇಡತಾರೋ ನನಗ ಕಾಣವಲ್ದು. ಇದು ಕಾಣತೈತಿ. ಇದರ ಹೊಟ್ಟಿ ತುಂಬಿದ್ರ ಅವನ ಹೊಟ್ಟಿ ತುಂಬಿದಂಗ ಅಂತ ನಾ ನೇಮ ಹಿಡದೀನಿ. ಇದನ್ನ ಉಪವಾಸ ಕೆಡವಂದ್ರ ಅವನ್ನ ಕೆಡವಿದಂಗ" ಎಂದಳು. ನೂರಸಾಬ ನಾಲಿನ ಚೀಲ ಹೆಗಲಿಗೆ ಹಾಕಿಕೊಂಡು ತಲೆ ತಗ್ಗಿಸಿ ನಿಂತ. ದಾವಲಬೀ ಅವ್ವನ ಬೆನ್ನ ಮೇಲೆ ಕೈಯಿಟ್ಟಳು.  ಕಾಳು ಹಾಕಿದರೆ ಕುದುರೆ ಹೋಗುತ್ತದೆ, ಹಾಕದಿದ್ದರೆ ಅವ್ವ ಕುಗ್ಗಿಹೋಗುತ್ತಾಳೆ. (ಇಲ್ಲಿಯವರೆಗೆ ಓದಿ ತೋರಿಸಿದೆ. "ಹಂಗ ಅಂದೆನೇನು ನಾ? ಅಂದಿರಬೇಕು, ಬರಿ" ಎನ್ನುತ್ತಿದ್ದಾಳೆ.)

ನಾನು ಜಿನ್ನಿಗೆ ಹೋಗದೆ ಕೆಂಚನ ಹತ್ತಿರವೇ ಕುಳಿತೆ. ಕೆಲಸವೇನೂ ಇಲ್ಲ, ಚಿಂತೆ ಮಾಡುವುದೊಂದೇ. ಚಿಂತೆ ಮಾಡುತ್ತ ಮಾಡುತ್ತ ಒಂದು ಸಂಗತಿ ಹೊಳೆಯಿತು. ಕಾಲು ಹಿಡಿದದ್ದೆಲ್ಲ ಮಂಗಳವಾರವೇ. ಶುಕ್ರವಾರವೂ ಅದೇ ಹುಲಿಗಿ, ಅದೇ ದಾರಿ, ಅಷ್ಟೇ ಜನ, ಆದರೆ ಶುಕ್ರವಾರ ಒಮ್ಮೆಯೂ ಹಿಡಿದಿಲ್ಲ. ಗುರುವಾರ ಅವನು ಟೇಶನ್ನಿಗೂ ಪೇಟೆಗೂ ಓಡಾಡಿರುತ್ತಾನೆ, ಸೋಮವಾರ ನಿಂತಿರುತ್ತಾನೆ. ನಿಂತ ದಿನವೇ ಎಲ್ಲಕ್ಕಿಂತ ಹೆಚ್ಚು ತಿಂದಿರುತ್ತಾನೆ. ಹಾಗಾದರೆ ನೀನಿದ್ದಾಗ ಸೋಮವಾರ ನಿಂತರೂ ಯಾಕೆ ಹೀಗಾಗಲಿಲ್ಲ ಎಂದು ಬಹಳ ಹೊತ್ತು ತಲೆ ಕೆಡಿಸಿಕೊಂಡೆ. ಆಗ ನೆನಪಾಯಿತು. ಸೋಮವಾರ ಬೆಳಿಗ್ಗೆ ನೀನು ಕೆಂಚನನ್ನು ಮೈ ತೊಳೆಯಲು ಹಳ್ಳಕ್ಕೆ ಕರೆದುಕೊಂಡು ಹೋದರೆ ಮಧ್ಯಾಹ್ನ ಕಳೆದೇ ಬರುತ್ತಿದ್ದೆ. ಇಷ್ಟು ಹೊತ್ತು ಏನು ತೊಳೆಯುತ್ತಾನೆ ಇವನು, ಗೆಳೆಯರ ಜೊತೆ ಹರಟೆ ಹೊಡೆಯುತ್ತಾನೆ ಎಂದು ನಾನು ಗೊಣಗುತ್ತಿದ್ದೆ. ನೀನು ಅವನನ್ನು ಒಡ್ಡಿನ ಮೇಲೆ ಮೇಯಿಸುತ್ತ ನಡೆದಾಡಿಸುತ್ತಿದ್ದೆ, ಅಲ್ಲವೇ? ಬಂದ ಮೇಲೆ ಬಾಯಿಚೀಲ ಕಟ್ಟುತ್ತಲೂ ಇರಲಿಲ್ಲ. ಅದು ನಿನಗೆ ಉಸಿರಾಡಿದಷ್ಟು ಸಹಜ, ಅದಕ್ಕೆ ಹೇಳಬೇಕೆಂದು ತೋಚಿಲ್ಲ. ನಾವು ನೇಮವನ್ನು ಹಿಡಿದೆವು, ಹಳ್ಳವನ್ನು ಬಿಟ್ಟೆವು.

ಎರಡು ದಿನ ಕಳೆದ ಮೇಲೆ ಕೆಂಚನ ಉಚ್ಚೆ ತಿಳಿಯಾಯಿತು. ಕಟ್ಟಿದ್ದ ಹಗ್ಗವನ್ನು ಎಳೆದು ಕೊಟ್ಟಿಗೆಯ ಹೊರಗೆ ಬದುವಿನ ಮೇಲಿದ್ದ ಕರಿಕೆಗೆ ತಾನಾಗಿ ಬಾಯಿ ಹಾಕಿದ. ನೋಡು ತಮ್ಮಾ, ಅವನು ಅಗಿಯುವ ಸದ್ದು ಕೇಳಿ ನನಗೆ ಅಳು ಬಂತು. ಹುರಳಿಯಾದರೆ ನಾಲ್ಕು ಬಾಯಿಗೆ ಮುಗಿಸಿ ಸುಮ್ಮನೆ ನಿಲ್ಲುತ್ತಾನೆ. ಕರಿಕೆಯನ್ನು ಒಂದೊಂದೇ ಎಳೆ ಆರಿಸಿ, ಅಗಿದು ಅಗಿದು, ಬಿಸಿಲು ಏರುವವರೆಗೂ ತಿಂದ. ನೋಡಲು ಬಂದಿದ್ದ ಅವ್ವ ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹುಲ್ಲು ಕಿತ್ತು ಕಿತ್ತು ಕೊಡತೊಡಗಿದಳು. "ಓಬಳ್ಯಾ, ಎಷ್ಟೊತ್ತಾತು ನೋಡು, ಇನ್ನೂ ತಿನ್ನಾಕತ್ತೈತಿ" ಎಂದಳು. ಅವಳ ಮುಖ ತಿಳಿಯಾದದ್ದನ್ನು ಕಂಡು ನನಗೆ ದಾರಿ ಸಿಕ್ಕಿತು. ಕುದುರೆಯ ಊಟ ಕಡಿಮೆ ಮಾಡಬೇಕಾಗಿರಲಿಲ್ಲ, ಉದ್ದ ಮಾಡಬೇಕಾಗಿತ್ತು. "ಅವ್ವಾ, ಉಪವಾಸ ಬ್ಯಾಡ. ದಿನಾಪೂರ್ತಿ ತಿನ್ನಲಿ. ನಿನ್ನ ಕೈಲಿಂದನ ತಿನ್ನಲಿ. ಆದ್ರ ಹುಲ್ಲು ತಿನ್ನಲಿ. ಕಾಳು ದುಡದಷ್ಟ" ಎಂದೆ. ಅವಳು ಇನ್ನೊಂದು ಹಿಡಿ ಹುಲ್ಲು ಕಿತ್ತು ಅವನ ಬಾಯಿಗೆ ಕೊಟ್ಟು, "ಬೆಲ್ಲ?" ಎಂದಳು. ಬೆಲ್ಲ ಹುಲಿಗಿಯಿಂದ ತಿರುಗಿ ಬಂದ ದಿನ, ನೆಲ್ಲಿಕಾಯಿಯಷ್ಟು, ಎಂದು ಒಪ್ಪಂದವಾಯಿತು.

ಈ ಕಾಗದವನ್ನು ನಿನಗಿಂತ ಮೊದಲು ಯಾರೋ ಸಾಹೇಬರು ಒಡೆದು ಓದುತ್ತಾರೆಂದು ಜಿನ್ನಿನಲ್ಲಿ ಹೇಳಿದರು. ಸೇರು, ಅಚ್ಚೇರು ಎಂದು ಬರೆದರೆ ಗುಟ್ಟಿನ ಲೆಕ್ಕವೆಂದು ಹರಿದುಹಾಕಿಯಾರೋ ಎಂದು ಭಯ. ಸಾಹೇಬರೇ, ಇದು ಹುರಳಿಯ ಮಾತು, ಬೇರೆ ಏನೂ ಅಲ್ಲ. ಈಗ ನಡೆಯುತ್ತಿರುವುದು ಹೀಗೆ. ಬೆಳಗಾದ ಕೂಡಲೇ ನೀರು, ಕುಡಿದಷ್ಟು. ಆಮೇಲೆ ಕತ್ತರಿಸಿದ ಕಣಿಕೆ ಒಂದು ಬುಟ್ಟಿ. ಹೊಟ್ಟೆಯಲ್ಲಿ ಮೇವು ಬಿದ್ದ ಮೇಲೆಯೇ ಕಾಳು. ಮೊದಲು ನಾನು ಕಾಳು ಹಾಕಿ ಅದರ ಮೇಲೆ ನೀರು ಕುಡಿಸುತ್ತಿದ್ದೆ, ಅದು ತಪ್ಪಂತೆ, ನೂರಸಾಬ ಹೇಳಿದ. ಪೇಟೆಯಲ್ಲಿ ಓಡಾಡುವ ದಿನ ನೆನೆಸಿ ಅರೆಬೇಯಿಸಿದ ಹುರಳಿ ಮುಂಜಾನೆ ಅಚ್ಚೇರು, ಅಂದರೆ ನಮ್ಮ ಅರ್ಧ ಸೇರು, ಸಂಜೆ ಒಂದು ಸೇರು, ಅದರಲ್ಲಿ ಗೋಧಿ ಬೂಸಾ ಎರಡು ಹಿಡಿ, ಉಪ್ಪು ಒಂದು ಚಿಟಿಕೆ. ಹುಲಿಗಿಗೆ ಹೋಗುವ ದಿನ ಮಧ್ಯಾಹ್ನ ಅಲ್ಲೇ, ಬೆವರು ಆರಿದ ಮೇಲೆ, ಇನ್ನೊಂದು ಅಚ್ಚೇರು. ಈ ವರ್ಷದ ಹೊಸ ಹುರಳಿಯನ್ನು ಅವನಿಗೆ ಮುಟ್ಟಿಸಿಲ್ಲ, ಹಳೆಯದನ್ನೇ ಹಾಕುತ್ತಿದ್ದೇವೆ. ಭಾನುವಾರ ಸಂಜೆ ಕಾಳು ಅರ್ಧಕ್ಕೆ ಇಳಿಯುತ್ತದೆ, ಜೊತೆಗೆ ಅಗಸಿ ಬೀಜದ ಗಂಜಿ. ಸೋಮವಾರ ಒಂದು ಕಾಳೂ ಇಲ್ಲ, ಬರೀ ಕಣಿಕೆ, ಕರಿಕೆ, ಉಪ್ಪು ಬೆರೆಸಿದ ಒಂದು ಹಿಡಿ ಬೂಸಾ. ಜಿನ್ನಿಗೆ ಹೋಗುವ ಮುಂಚೆ ನಾನೇ ಅವನನ್ನು ಹಳ್ಳದವರೆಗೆ ನಡೆಸಿಕೊಂಡು ಹೋಗುತ್ತೇನೆ. ಹೌದು, ನಾನೇ. ಹಗ್ಗ ಉದ್ದ ಹಿಡಿದಿರುತ್ತೇನೆ. ಮೊದಲ ದಿನ ಅವನು ಸೀನಿದ, ನಾನು ಹಗ್ಗ ಬಿಟ್ಟು ಒಡ್ಡಿನ ಆಚೆಗೆ ಜಿಗಿದೆ. ಅವನು ಅಲ್ಲೇ ನಿಂತು, ನಾನು ಎದ್ದು ಬರುವವರೆಗೆ ಕಾದ. ನಿನ್ನ ಕುದುರೆಗೆ ನನಗಿಂತ ಬುದ್ಧಿ ಇದೆ.

ಕರಿಕೆ ತರುವ ಹುಲಗಮ್ಮ ದಿನಾಲೂ ಒಂದು ಹೊರೆ ಬಾಗಿಲಿಗೆ ಹಾಕುತ್ತಾಳೆ. ಅವ್ವ ಅದನ್ನು ಕೊಡವಿ, ಮುಳ್ಳು ಆರಿಸಿ, ಸಣ್ಣ ಸಣ್ಣ ಸೂಡು ಕಟ್ಟಿ, ಹೊತ್ತುಹೊತ್ತಿಗೆ ಕೈಯಿಂದ ತಿನ್ನಿಸುತ್ತಾಳೆ. ದಾವಲಬೀ ಈಗ ಕಡಲೆಯ ಬದಲು ತನ್ನ ಹಿತ್ತಲಿನ ಮೂಲಂಗಿ ಸೊಪ್ಪು ತರುತ್ತಾಳೆ. "ಇದಕ್ಕೂ ಏನರ ಅಂತಾನೇನು ನಿಮ್ಮ ನೂರಸಾಬ?" ಎಂದು ಕೇಳಿಯೇ ಹಾಕುತ್ತಾಳೆ. ಹುರಳಿಯ ಪೆಟ್ಟಿಗೆಗೆ ಕೀಲಿ ಹಾಕಿ ನನ್ನ ಉಡದಾರಕ್ಕೆ ಕಟ್ಟಿಕೊಂಡಿದ್ದೇನೆ. ಅದಕ್ಕೆ ಫಕೀರಮ್ಮ, "ಊರ ಶೆಟ್ರು ಬಂಗಾರಕ್ಕ ಕೀಲಿ ಹಾಕತಾರ, ಇವರು ಹುರಳಿಗೆ" ಎಂದು ಓಣಿಯಲ್ಲೆಲ್ಲ ಹೇಳಿದ್ದಾಳೆ. ಹೇಳಲಿ.

ಮತ್ತೆ ಮೊದಲ ಸಲ ಹುಲಿಗಿಗೆ ಹೂಡಿದ ಮಂಗಳವಾರ ನಾನೂ ಟಾಂಗಾದ ಹಿಂದೆ ಕುಳಿತು ಹೋದೆ. ಸುಮ್ಮನೆ ಕೂರಲಾಗಲಿಲ್ಲ. ಹಿಂಗಾಲು ಸರಿ ಇದೆಯೇ, ಬೆವರಿದ್ದಾನೆಯೇ ಎಂದು ಕೇಳುತ್ತಲೇ ಇದ್ದೆ. ಆ ಬೇವಿನ ಮರದ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಗಿಣಿಗೇರಾ ಹಿಂದಾಗಿತ್ತು. ಹನುಮಣ್ಣ ತಿರುಗಿ ನೋಡಿ, "ಮಾವ, ಕುದರಿ ಬೆವತಿಲ್ಲ, ನೀವ ಬೆವತೀರಿ" ಎಂದ. ಟಾಂಗಾದಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಬಹಳ ದಿನಗಳ ಮೇಲೆ ನಕ್ಕದ್ದು. ಹೊಸ್ತಿಲ ಹುಣ್ಣಿಮೆಗೆ ಭಾರೀ ಜನ, ಅಂದೂ ಹೋಗಿಬಂದ. ನಿನ್ನೆ ಮಂಗಳವಾರವೂ ಹೋಗಿಬಂದ. ನಿನ್ನೆ ನಾನು ಹಿಂದೆ ಕೂರಲಿಲ್ಲ, ಜಿನ್ನಿನಲ್ಲಿಯೇ ಇದ್ದೆ. ಸಂಜೆ ಮನೆಗೆ ಬಂದಾಗ ಕೆಂಚ ಅವ್ವನ ಸೆರಗು ಮೂಸುತ್ತ ನಿಂತಿದ್ದ, ಅವ್ವ ನೆಲ್ಲಿಕಾಯಿಯಷ್ಟು ಬೆಲ್ಲ ನನಗೆ ತೋರಿಸಿಯೇ ಅವನ ಬಾಯಿಗೆ ಹಾಕಿದಳು.  ಅವನು ಬಡಕಾಗಿಲ್ಲ, ದಪ್ಪವೂ ಇಲ್ಲ, ಪಕ್ಕೆ ಮುಟ್ಟಿದರೆ ಎಲುಬು ಕೈಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹೀಗಿರಬೇಕೆಂದು ನೂರಸಾಬನೂ ಒಪ್ಪಿದ್ದಾನೆ. ಇದರಲ್ಲಿ ಏನಾದರೂ ತಪ್ಪಿದ್ದರೆ ತಿರುಗಿ ಬರೆ. ನೀನು ಸರಿ ಎಂದರೆ ನನಗೆ ಪೂರ್ತಿ ಸಮಾಧಾನ.

ಅವ್ವ, ನಿನ್ನ ಮುಖದ ಮೇಲೆ ಕೈ ಸವರಿ ಲಟಿಕೆ ಮುರಿದದ್ದನ್ನು ಬರೆ ಎಂದಳು, ಬರೆದಿದ್ದೇನೆ. ಹುಲಿಗೆಮ್ಮನ ಭಂಡಾರ ಒಂದು ಚಿಟಿಕೆ ಕಾಗದದ ಮಡಿಕೆಯಲ್ಲಿದೆ, ಬಿಚ್ಚುವಾಗ ಜೋಪಾನ. ಅತ್ತಿಗೆ ಫಕೀರಮ್ಮ, ಹನುಮಣ್ಣ, ನೂರಸಾಬ, ದಾವಲಬೀ ಎಲ್ಲರೂ ನಿನ್ನ ಕ್ಷೇಮ ಕೇಳಿದ್ದಾರೆ. ಕಾಲು ಒಣಗಿಸಿಕೊಳ್ಳುವುದನ್ನು ಮರೆಯಬೇಡ. ತಾಯಿ ಹುಲಿಗೆಮ್ಮ ನಿನ್ನನ್ನು ಹೋದ ದಾರಿಯಲ್ಲೇ ಗಟ್ಟಿಯಾಗಿ ತಿರುಗಿ ತರಲಿ.

ನಿನ್ನ ಅಣ್ಣ,
ಓಬಳೆಪ್ಪ

ತಾ.ಕ.: ಅವ್ವ ಕುಡುಗೋಲು ತರಲು ದಾವಲಬೀಯ ಮನೆಗೆ ಹೋದಳು. ಮೇಲಿನದನ್ನೆಲ್ಲ ಅವಳ ಮುಂದೆ ಓದಬೇಕಾಗಿತ್ತು, ಇದನ್ನು ಓದುವುದಿಲ್ಲ. ಕೆಂಚನಿಗೆ ಹಾಕುತ್ತಿದ್ದ ರೊಟ್ಟಿ ಅವ್ವನ ಪಾಲಿನದು. ಸೋಮವಾರ ಅವನಿಗೆ, ಉಳಿದ ದಿನ ದಾರಿಯಲ್ಲಿ ಹೋಗುವ ಯಾರಿಗಾದರೂ. ನೀನು ಹೋದಂದಿನಿಂದ ಮಧ್ಯಾಹ್ನ ಅವಳು ಉಂಡಿಲ್ಲ. ಫಕೀರಮ್ಮನಿಗೆ ಗೊತ್ತಾದದ್ದು ಮೊನ್ನೆ. ಕೇಳಿದರೆ, "ಅವಗ ಅಲ್ಲಿ ಸಿಕ್ಕಿರತೈತೋ ಇಲ್ಲೋ" ಎನ್ನುತ್ತಾಳೆ. ಹೇಳಿ ನೋಡಿದೆ, ಗದರಿ ನೋಡಿದೆ, ಆಗಲಿಲ್ಲ. ಕುದುರೆಯ ಊಟ ನನ್ನ ಕೈಯಲ್ಲಿತ್ತು, ಸರಿಮಾಡಿದೆ. ಇದು ನಿನ್ನ ಕೈಯಲ್ಲಿದೆ. ಈ ಕಾಗದ ಮುಟ್ಟಿದ ದಿನವೇ ಅವ್ವನ ಹೆಸರಿಗೆ ಬರೆ. ಅಲ್ಲಿ ಮುಂಜಾನೆ ಏನು ಕೊಡುತ್ತಾರೆ, ಮಧ್ಯಾಹ್ನ ಏನು, ಸಂಜೆ ಏನು, ರೊಟ್ಟಿಯೋ ಅನ್ನವೋ, ಮೇಲೆ ಏನು ಹಾಕಿ ಉಣ್ಣುತ್ತೀ, ಎಲ್ಲ ಬಿಡಿಸಿ ಬರೆ. ಕಡಿಮೆ ಬೀಳುತ್ತಿದ್ದರೆ ಅದನ್ನು ನನಗೆ ಜಿನ್ನಿನ ವಿಳಾಸಕ್ಕೆ ಬೇರೆ ಬರೆ, ನಾನು ಏನಾದರೂ ಮಾಡುತ್ತೇನೆ. ಮನೆಗೆ ಬರೆಯುವ ಕಾಗದದಲ್ಲಿ ಮಾತ್ರ ಹೊಟ್ಟೆ ತುಂಬ ಉಣ್ಣುತ್ತೇನೆ ಎಂದೇ ಬರೆ. ಅವ್ವ ಬಂದಳು.